ಎಲ್ಲರೂ ಮೂರಿಂಚು ಬೆಳೆದ ಚಳಿಗಾಲ

ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಇನ್ಸ್‌ಪೆಕ್ಟರಾಗಿದ್ದ ತಮ್ಮ ಗಂಡ, ನಿವೃತ್ತಿಯಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂತಿರುತ್ತಾರೆ ಎಂದು ಟೀಚರು ಯಾವತ್ತೂ ನಂಬಿರಲಿಲ್ಲ. ನಂಬದೇ ಇದ್ದದ್ದು ಒಳ್ಳೆಯದೇ ಆಯಿತು. ಮೊದಲನೆಯ ವಾರ ಇನ್ಸ್‌ಪೆಕ್ಟರರು ಹಾಲಿನವನ ಅಳತೆ ಪಾತ್ರೆಯನ್ನು ಪರೀಕ್ಷಿಸಿದರು. ಹಾಲಿನವನು ಬೀದಿ ಬದಲಾಯಿಸಿದ. ಎರಡನೆಯ ವಾರ ಮನೆಯ ಕಿಟಕಿಗಳನ್ನೆಲ್ಲ ಅಳೆದು, ಯಾವ ಎರಡು ಕಿಟಕಿಯೂ ಒಂದೇ ಸಮ ಇಲ್ಲವೆಂದು ಕಂಡುಹಿಡಿದು, ಮನೆ ಕಟ್ಟಿದ ಮೇಸ್ತ್ರಿಯನ್ನು ಹುಡುಕಿಕೊಂಡು ಹೊರಟರು. ಮೇಸ್ತ್ರಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. "ಬಚಾವಾದ," ಎಂದು ಹಿಂತಿರುಗಿದರು.

ಟೀಚರು ಶಿಶುವಿಹಾರದಲ್ಲಿ ನಾಲ್ಕು ವರ್ಷದ ಮಕ್ಕಳಿಗೆ ಪಾಠ ಹೇಳುವವರು. ಒಂಬತ್ತರಿಂದ ಮೂರರವರೆಗೆ ಮೂವತ್ತು ಮಕ್ಕಳು, ಮೂರರ ನಂತರ ಒಂದೇ. ಆ ಒಂದು ಮೂವತ್ತಕ್ಕೆ ಸಮ.

ಮೂರನೆಯ ವಾರ ಶುರುವಾದದ್ದು ಹೆಣಿಗೆ. ಅದಕ್ಕೆ ಕಾರಣ ಬೀಳ್ಕೊಡುಗೆಯ ದಿನ ಕಚೇರಿಯವರು ಪ್ರೀತಿಯಿಂದ ಕೊಟ್ಟ ಸ್ವೆಟರು. ಅದರ ಎಡತೋಳು ಬಲತೋಳಿಗಿಂತ ಅರ್ಧ ಇಂಚು ಉದ್ದವಿತ್ತು. ಬೇರೆ ಯಾರಾದರೂ ಆಗಿದ್ದರೆ ತೋಳು ಮಡಿಸಿಕೊಂಡು ಬೆಚ್ಚಗಿರುತ್ತಿದ್ದರು. ಇನ್ಸ್‌ಪೆಕ್ಟರರು ಅದನ್ನು ಮೇಜಿನ ಮೇಲೆ ಹೆಣದ ಹಾಗೆ ಮಲಗಿಸಿ, ಬಂದವರಿಗೆಲ್ಲ ತೋರಿಸಿ, "ನಾನೇ ಕೂತು ಹೆಣೆದರೂ ಇದಕ್ಕಿಂತ ನೆಟ್ಟಗೆ ಹೆಣೀತೀನಿ," ಎಂದುಬಿಟ್ಟರು.

ಆ ಹೊತ್ತಿಗೆ ಅಲ್ಲಿ ಪಕ್ಕದ ಮನೆಯ ಲೈಬ್ರರಿಯಮ್ಮ ಕೂತಿದ್ದರು. ಪುಸ್ತಕ ಕೊಡುವ ಮೇಜಿನ ಹಿಂದೆ ಕೂತು ಇಪ್ಪತ್ತು ವರ್ಷದಿಂದ ಹೆಣೆಯುತ್ತಿದ್ದ ಹೆಂಗಸು. ಅವರ ಮೈಕಟ್ಟೂ ಹೆಣಿಗೆ ಕಡ್ಡಿಯ ಹಾಗೆಯೇ.

"ಹೆಣೆದು ತೋರಿಸಿ ಸಾರ್, ನೋಡೋಣ," ಎಂದರು ಆಕೆ.

"ತೋರಿಸ್ತೀನಿ."

"ಕಡ್ಡಿ ನಾನೇ ಕೊಡ್ತೀನಿ."

"ಕೊಡಿ."

ಟೀಚರು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು. ಮದುವೆಯಾದ ಈ ಮೂವತ್ತು ವರ್ಷದಲ್ಲಿ ಗಂಡ 'ತೋರಿಸ್ತೀನಿ' ಎಂದ ಮೇಲೆ ಏನೂ ಮಾಡುವ ಹಾಗಿರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಮೊದಲ ಮಫ್ಲರು ಅಳಿಯನಿಗೆ ಹೋಯಿತು. ನಲವತ್ತು ಕುಣಿಕೆಯಿಂದ ಶುರುವಾದದ್ದು ಮುಗಿಯುವ ಹೊತ್ತಿಗೆ ಎಪ್ಪತ್ತಾರಾಗಿತ್ತು. ನಡುವೆ ಬಂದು ಸೇರಿಕೊಂಡ ಆ ಮೂವತ್ತಾರು ಕುಣಿಕೆಗಳನ್ನು ಯಾರು ಕರೆದರು, ಎಲ್ಲಿಂದ ಬಂದವು, ಯಾರಿಗೂ ತಿಳಿಯದು. ಅಳಿಯ ಒಳ್ಳೆಯ ಮನುಷ್ಯ, ಫೋನು ಮಾಡಿದ.

"ಮಾವ, ತುಂಬಾ ಚೆನ್ನಾಗಿದೆ. ಇದನ್ನ ಯಾವ ಕಡೆಯಿಂದ ಸುತ್ಕೋಬೇಕು?"

"ಸಣ್ಣ ಕಡೆಯಿಂದ ಶುರು ಮಾಡಪ್ಪ. ಅನುಭವ ಬಂದ ಹಾಗೆ ದೊಡ್ಡ ಕಡೆಗೆ ಬಾ."

ಆದರೆ ಒಂದು ಮಾತು ಒಪ್ಪಲೇಬೇಕು. ಇನ್ಸ್‌ಪೆಕ್ಟರರ ಕೈ ಪಳಗುತ್ತಾ ಹೋಯಿತು. ಎರಡನೆಯ ಮಫ್ಲರು ಎರಡು ತುದಿಯಲ್ಲೂ ಒಂದೇ ಅಗಲವಿತ್ತು. ಮಗಳಿಗೆ ಹೆಣೆದ ಕೈಗವಸಿಗೆ ಬೆರಳುಗಳು ಲೆಕ್ಕಕ್ಕೆ ಸರಿಯಾಗಿದ್ದವು. ಕಾಲುಚೀಲದ ಹಿಮ್ಮಡಿ ತಿರುಗಿಸುವುದನ್ನು ಲೈಬ್ರರಿಯಮ್ಮನೇ ಎರಡು ಸಲ ಬಿಚ್ಚಿಸಿ ಕಲಿಸಿದರು. ಮೂರನೆಯ ಸಲ ತಾವೇ ಬೆರಗಾದರು. ಇಷ್ಟೆಲ್ಲ ನಡೆಯುವಾಗ ಮಲಗುವ ಕೋಣೆಯ ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಚೀಲ ತೂಗಾಡುತ್ತಿತ್ತು. ಅದರಲ್ಲಿ ಬದನೆಕಾಯಿ ಬಣ್ಣದ ಉಲ್ಲನ್ನಿನ ಎಂಟು ಉಂಡೆಗಳಿದ್ದವು. ಬಣ್ಣ ಆರಿಸಿದ್ದು ಟೀಚರು.

"ನನ್ನದು ಯಾವಾಗ ರೀ?"

"ನಿನ್ನದು ಕಡೇಲಿ. ಬೇರೆಯವರಿಗೆ ಹೆಣೆಯೋದು ಅಭ್ಯಾಸ ಕಣೇ. ನಿನಗೆ ಹೆಣೆಯೋದು ಪರೀಕ್ಷೆ."

ಮೂವತ್ತು ವರ್ಷದಲ್ಲಿ ಇನ್ಸ್‌ಪೆಕ್ಟರರು ಹೆಂಡತಿಗೆ ಪ್ರೀತಿಯಿಂದ ತಂದುಕೊಟ್ಟ ವಸ್ತು ಒಂದೇ. ಮದುವೆಯಾದ ಹೊಸದರಲ್ಲಿ ತಂದ ಅಡುಗೆಮನೆಯ ತಕ್ಕಡಿ. ಜೊತೆಗೆ ಐದು ತೂಕದ ಬಟ್ಟು. ಹಾಗಾಗಿ ಟೀಚರು ದಿನಕ್ಕೆರಡು ಸಲವಾದರೂ ಆ ಬಾಗಿಲನ್ನು ಅರ್ಧ ಸರಿಸಿ, ಚೀಲಕ್ಕೆ ಕೈ ಹಾಕಿ, ಉಂಡೆಗಳನ್ನು ಒತ್ತಿ ನೋಡಿ ಬರುತ್ತಿದ್ದರು. ಯಾರಾದರೂ ನೋಡಿದರೆ ಬಾಗಿಲಿನ ಹಿಂದೆ ಧೂಳು ಹೊಡೆಯುತ್ತಿದ್ದೇನೆ ಎನ್ನುತ್ತಿದ್ದರು.

ಸ್ವೆಟರುಗಳ ಕಾಲ ಬಂತು. ಸ್ವೆಟರೆಂದರೆ ಅಳತೆ ಬೇಕು. ಅಳತೆ ತೆಗೆದರೆ ಗುಟ್ಟು ರಟ್ಟಾಗುತ್ತದೆ. ಗುಟ್ಟು ರಟ್ಟಾದರೆ ಅದು ಉಡುಗೊರೆಯಲ್ಲ, ಸರಬರಾಜು. ಅದಕ್ಕೆ ಇನ್ಸ್‌ಪೆಕ್ಟರರು ಬೀದಿಗೆಲ್ಲ ಬಟ್ಟೆ ಹೊಲಿಯುವ ಟೈಲರನ ಅಂಗಡಿಗೆ ಹೋಗಿ ಅವನ ಅಳತೆ ಪುಸ್ತಕ ಕೇಳಿದರು. ಟೈಲರನ ಬಾಯಲ್ಲಿದ್ದ ಗುಂಡುಸೂಜಿ ಕೆಳಗೆ ಬಿತ್ತು.

"ಸಾರ್, ಯಾರು ಕಂಪ್ಲೇಂಟ್ ಕೊಟ್ಟರು ನನ್ನ ಮೇಲೆ?"

"ಯಾರೂ ಇಲ್ಲಪ್ಪ. ನಾನು ರಿಟೈರ್ ಆಗಿದ್ದೀನಿ."

"ಹಾಗಾದ್ರೆ ಇನ್ನೂ ಭಯ ಸಾರ್," ಎಂದು ಅವನು ಪುಸ್ತಕ ಕೊಟ್ಟ. ಇನ್ಸ್‌ಪೆಕ್ಟರರು ನಿಂತಲ್ಲೇ ನಾಲ್ವರ ಅಳತೆ ಬರೆದುಕೊಂಡರು. ಹೆಂಡತಿಯದೂ ಸೇರಿತ್ತು, ಎದೆ ಸುತ್ತಳತೆ ಮೂವತ್ತಾರು.

ಹೆಣೆದದ್ದನ್ನು ಅಳೆಯುವುದಕ್ಕೆ ಟೇಪು ಮನೆಯಲ್ಲೇ ಇತ್ತು. ಕಚೇರಿಯ ಮೇಜಿನ ಖಾನೆ ಖಾಲಿ ಮಾಡುವಾಗ ಮುರುಕು ಪೆನ್ಸಿಲು, ಹಳೇ ಕನ್ನಡಕದ ಡಬ್ಬಿಗಳ ಜೊತೆ ಬಂದದ್ದು. ಹಳದಿ ಬಣ್ಣದ ಬಟ್ಟೆಯ ಟೇಪು. ಅದರ ಮೇಲೆ ಒಂದು ಕಡೆ ಕೆಂಪು ಅರಗಿನ ದಪ್ಪ ಮುದ್ರೆ. ಇನ್ಸ್‌ಪೆಕ್ಟರರ ಬದುಕಿನ ಸಿದ್ಧಾಂತವೆಲ್ಲ ಆ ಒಂದು ಮುದ್ರೆಯಲ್ಲಿತ್ತು.

"ನೋಡೇ, ಇಲಾಖೆ ಮುದ್ರೆ. ಅಂಗಡಿ ಟೇಪನ್ನ ನಂಬಬಾರದು. ಮುದ್ರೆ ಬಿದ್ದಿದೆ ಅಂದ್ರೆ ಮುಗೀತು, ಮಾತಿಲ್ಲ."

 ಟೀಚರು ಮಕ್ಕಳ ಮೂವತ್ತು ಚಿತ್ರಗಳಿಗೆ ನಕ್ಷತ್ರ ಹಾಕುತ್ತಿದ್ದರು.

ಮೊದಲ ಸ್ವೆಟರು ಟೀಚರ ತಮ್ಮನಿಗೆ. ಆತ ಡ್ರೈವಿಂಗ್ ಸ್ಕೂಲು ನಡೆಸುವವನು. ಬೆಳಗಿನ ಚಳಿಯಲ್ಲಿ ಗಾಡಿ ಕಲಿಸುತ್ತಾನಲ್ಲ, ಪಾಪ, ಎಂದು. ಕಡುನೀಲಿ ಸ್ವೆಟರು, ಒಂದು ಕುಣಿಕೆ ಜಾರಿಲ್ಲ, ಒಂದು ಗಂಟು ಕಾಣಿಸುವುದಿಲ್ಲ. ಭಾನುವಾರ ಕೊಟ್ಟರು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಡ್ರೈವಿಂಗ್ ಸ್ಕೂಲಿನ ಕಾರು ಕಪ್ಪೆಯ ಹಾಗೆ ಕುಪ್ಪಳಿಸುತ್ತಾ ಬೀದಿಗೆ ಬಂದು, ಟೀಚರ ಮನೆ ಮುಂದಿನ ಹೂವಿನ ಕುಂಡಕ್ಕೆ ಮುತ್ತಿಟ್ಟು ನಿಂತಿತು. ಸ್ಟಿಯರಿಂಗ್ ಹಿಡಿದಿದ್ದವಳು ಗಾಡಿ ಕಲಿಯುತ್ತಿದ್ದ ಹೆಂಗಸು. ಪಕ್ಕದಲ್ಲಿ ಹೊಲದ ಬೆರ್ಚಪ್ಪನ ಹಾಗೆ ಎರಡೂ ಕೈ ಅಗಲಿಸಿ ತಮ್ಮ ಕೂತಿದ್ದ.

"ಮೇಡಂ, ಸಾರ್ ಕೈ ಎತ್ತಿದ್ರು. ನಿಲ್ಸು ಅಂತಿದಾರೆ ಅಂತ ಬ್ರೇಕ್ ಹಾಕ್ದೆ," ಎಂದಳು ಆಕೆ ಬೆವರೊರೆಸಿಕೊಳ್ಳುತ್ತಾ. "ಆಮೇಲೆ ಇಳಿಸ್ತಾರೆ, ಹೊರಡೋಣ ಅಂತ ಕಾದೆ. ಕೈ ಇಳಿಸಲೇ ಇಲ್ಲ. ಸಿಗ್ನಲ್ಲಿನಲ್ಲಿ ಹಿಂದಿನವರೆಲ್ಲ ಬೈದರು."

"ಅಕ್ಕಾ, ಬಿಚ್ಚು ಇದನ್ನ," ಎಂದ ತಮ್ಮ. "ಬೆಳಿಗ್ಗೆ ಹಾಕ್ಕೊಂಡಿದ್ದು, ಉಸಿರು ಬಿಟ್ಟಿಲ್ಲ ಇನ್ನೂ."

ಟೀಚರು ಒಂದು ತೋಳು ಹಿಡಿದರು, ಗಾಡಿ ಕಲಿಯುವವಳು ಇನ್ನೊಂದು. ಹಜಾರದ ನಡುವೆ ತಮ್ಮ ಹೊರಬಂದಾಗ ಅವನ ಕೂದಲು ನೆಟ್ಟಗೆ ನಿಂತಿತ್ತು. ಇನ್ಸ್‌ಪೆಕ್ಟರರು ಸ್ವೆಟರನ್ನು ಎತ್ತಿಕೊಂಡು, ಹಾಸಿ, ಮುದ್ರೆಯ ಟೇಪು ಹಿಡಿದರು.

"ಮುಂಭಾಗ ಇಪ್ಪತ್ತು. ಹಿಂಭಾಗ ಇಪ್ಪತ್ತು. ಒಟ್ಟು ನಲವತ್ತು. ಟೈಲರ್ ಪುಸ್ತಕದಲ್ಲಿ ನಿನ್ನ ಎದೆ ನಲವತ್ತು. ಸ್ವೆಟರಿನಲ್ಲಿ ತಪ್ಪಿಲ್ಲ."

"ಹಾಗಾದ್ರೆ ತಪ್ಪು ಯಾರದು ಭಾವ?"

"ಅದನ್ನೇ ಈಗ ನೋಡೋದು. ಕೈ ಎತ್ತು."

"ಈಗ ತಾನೇ ಇಳಿಸಿದೀನಿ."

ಎತ್ತಿದ. ಇನ್ಸ್‌ಪೆಕ್ಟರರು ಟೇಪನ್ನು ಎದೆಗೆ ಸುತ್ತಿ, ಕನ್ನಡಕ ಸರಿಮಾಡಿಕೊಂಡು ಓದಿದರು. ನಲವತ್ತಮೂರು. ಹೆಂಡತಿಯನ್ನು ಕರೆದು ಓದಿಸಿದರು. ನಲವತ್ತಮೂರು. ಗಾಡಿ ಕಲಿಯುವವಳೂ ಓದಿದಳು. ನಲವತ್ತಮೂರು. ತೋಳು ಅಳೆದರು, ಅದೂ ಪುಸ್ತಕಕ್ಕಿಂತ ಮೂರಿಂಚು ಉದ್ದ.

"ಶರ್ಟೆಲ್ಲ ಸರಿಯಾಗೇ ಇದೆಯಲ್ಲ ಭಾವ," ಎಂದ ತಮ್ಮ ಅಳುಮೋರೆಯಲ್ಲಿ.

"ಶರ್ಟು ನಿನ್ನ ಜೊತೆಗೇ ಹಿಗ್ಗಿದೆ. ಬಟ್ಟೆಗೆ ದಾಕ್ಷಿಣ್ಯ ಇರುತ್ತೆ. ಟೇಪಿಗೆ ಇರಲ್ಲ."

ತಮ್ಮ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡ. ಅವತ್ತು ಮಧ್ಯಾಹ್ನದಿಂದಲೇ ಬರೀ ಸೌತೆಕಾಯಿ ತಿನ್ನತೊಡಗಿದ.

ಎರಡನೆಯದು ಗುರುದಕ್ಷಿಣೆ. ಲೈಬ್ರರಿಯಮ್ಮನಿಗೆ ಹಸಿರು ಕಾರ್ಡಿಗನ್. ಅದರ ಗುಂಡಿ ಕಾಜಕ್ಕೂ ಗುಂಡಿಗೂ ನಡುವೆ ಒಂದು ಪುಸ್ತಕ ಇಡುವಷ್ಟು ಜಾಗ ಉಳಿಯಿತು.

"ಸಾರ್, ನನ್ನ ಮೈಮೇಲೆ ಮಾಂಸ ಎಲ್ಲಿದೆ ಹೇಳಿ? ನಾನೆಲ್ಲಿ ಬೆಳೆಯೋದು?"

"ಅದೇ ನನಗೂ ಆಶ್ಚರ್ಯ," ಎಂದು ಇನ್ಸ್‌ಪೆಕ್ಟರರು ಟೇಪು ಸುತ್ತಿದರು. ಪುಸ್ತಕದಲ್ಲಿ ಮೂವತ್ತೆರಡು, ಟೇಪಿನಲ್ಲಿ ಮೂವತ್ತೈದು. "ಮೂಳೆ ಬೆಳೆದಿರಬೇಕು."

ಲೈಬ್ರರಿಯಮ್ಮ ಮಾರನೆಯ ದಿನದಿಂದ ಪಾರ್ಕಿಗೆ ಎಂಟು ಸುತ್ತು ಹಾಕತೊಡಗಿದರು. ವಾರ ಕಳೆಯುವುದರಲ್ಲಿ ಮೊದಲೇ ಕಡ್ಡಿಯಾಗಿದ್ದವರು ನೂಲಾದರು. ಆದರೂ ಟೇಪು ಮೂವತ್ತೈದಕ್ಕಿಂತ ಕೆಳಗೆ ಇಳಿಯುವುದಕ್ಕೆ ಒಪ್ಪಲಿಲ್ಲ. ಇನ್ಸ್‌ಪೆಕ್ಟರರು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರು. ಎಡಗಡೆ, ಟೈಲರನ ಪುಸ್ತಕ ಮತ್ತೆ ತರಿಸಿಕೊಂಡು ಬರೆದ ಅಳತೆ, ಬಲಗಡೆ ಈಗಿನ ಅಳತೆ, ಕೊನೆಯಲ್ಲಿ ವ್ಯತ್ಯಾಸ. ತಮ್ಮ, ಲೈಬ್ರರಿಯಮ್ಮ, ನೋಡಲು ಬಂದಿದ್ದ ಲೈಬ್ರರಿಯಮ್ಮನ ಅಕ್ಕ, ಸಿಲಿಂಡರ್ ತಂದವನು. ಎಲ್ಲರಿಗೂ ಮೂರು. ಒಂದು ದಾರದಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಈ ಊರಿಗೇನೋ ಆಗಿದೆ ಕಣೇ," ಎಂದರು ಗಂಭೀರವಾಗಿ.

ಬೀದಿಯ ಕೊನೆಯ ಡಾಕ್ಟರರು ಒಂದೇ ದಿನ ನಾಲ್ಕು ಜನ ಬಂದು 'ಉಬ್ಬಿದ್ದೀನಿ' ಎಂದಾಗ ಅವರನ್ನೆಲ್ಲ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಯಾರ ತೂಕವೂ ಏರಿರಲಿಲ್ಲ. ಲೈಬ್ರರಿಯಮ್ಮ ಎರಡು ಕೆಜಿ ಇಳಿದಿದ್ದರು. ಜೊತೆಗೆ ಹೋಗಿದ್ದ ಇನ್ಸ್‌ಪೆಕ್ಟರರು ಪಟ್ಟಿ ತೋರಿಸಿದರು.

"ಐವತ್ತು ವರ್ಷ ದಾಟಿದ ಮೇಲೆ ಕೈ ಉದ್ದ ಆಗಲ್ಲ ಸ್ವಾಮಿ," ಎಂದರು ಡಾಕ್ಟರು.

"ಆಗಲ್ಲ ಅಂತ ನೀವು ಹೇಳ್ತೀರಿ. ಆಗಿದೆ ಅಂತ ಇಲಾಖೆ ಟೇಪು ಹೇಳ್ತಿದೆ. ಯಾರನ್ನ ನಂಬಲಿ? ಮೊದಲು ನಿಮ್ಮ ಈ ಯಂತ್ರ ಯಾವಾಗ ತಪಾಸಣೆ ಆಗಿದ್ದು ಹೇಳಿ."

ಡಾಕ್ಟರರಿಗೆ ನೆನಪಿರಲಿಲ್ಲ. ಇನ್ಸ್‌ಪೆಕ್ಟರರು ಮನೆಗೆ ಬಂದು ತಮ್ಮ ಹಳೆಯ ಕಚೇರಿಗೇ ದೂರು ಬರೆದರು. ಮೂರು ಪುಟ. ಅಡಿಯಲ್ಲಿ ಎರಡು ಗೆರೆ.

ದೂರು ವಿಚಾರಿಸಲು ಬಂದದ್ದು ಅವರ ಜಾಗಕ್ಕೆ ಬಂದಿದ್ದ ಹೊಸ ಇನ್ಸ್‌ಪೆಕ್ಟರಮ್ಮ. ಹದಿನೆಂಟು ವರ್ಷ ಅವರ ಕೈಕೆಳಗೇ ಗುಮಾಸ್ತೆಯಾಗಿದ್ದು ಮೇಲೆ ಬಂದವರು. ಡಾಕ್ಟರರ ಯಂತ್ರವನ್ನು ಬಟ್ಟಿಟ್ಟು ಪರೀಕ್ಷೆ ಮಾಡಿದರು, ಸರಿಯಾಗಿತ್ತು. ಹಳೆಯ ಸಾಹೇಬರ ಮುಖ ನೋಡದೆ ಹೋಗುವುದು ಹೇಗೆಂದು ಮನೆಗೂ ಬಂದರು. ಹಜಾರದಲ್ಲಿ ಪಟ್ಟಿ ನೋಡಿದರು. ಪಟ್ಟಿಯ ಪಕ್ಕದಲ್ಲಿ ಗಾಜು ಹಾಕಿಸಿದ ಹಳೆಯ ಪ್ರಶಂಸಾಪತ್ರ ನೋಡಿದರು. ದೊಡ್ಡದೊಂದು ಬಟ್ಟೆ ಅಂಗಡಿಯ ಮೋಸ ಬಯಲಿಗೆಳೆದದ್ದಕ್ಕೆ ಇಲಾಖೆ ಕೊಟ್ಟದ್ದು. ಆಮೇಲೆ ಮೇಜಿನ ಮೇಲಿದ್ದ ಟೇಪು ನೋಡಿದರು. ಕೈಗೆತ್ತಿಕೊಂಡು ಅರಗಿನ ಮುದ್ರೆಯನ್ನು ಬೆಳಕಿಗೆ ಹಿಡಿದರು. ಅವರ ಹುಬ್ಬು ನಿಧಾನವಾಗಿ ಮೇಲೆ ಹೋದದ್ದನ್ನು ಟೀಚರು ಕಂಡರು. ಮಕ್ಕಳು ಬಾಯಲ್ಲಿ ಏನೋ ಇಟ್ಟುಕೊಂಡಿದ್ದಾರೆ ಎಂದು ಗೊತ್ತಾಗುವುದು ಹೀಗೆಯೇ.

"ಬನ್ನಿ ಮೇಡಂ, ಕಾಫಿಗೆ ಸಕ್ಕರೆ ಎಷ್ಟು ಅಂತ ನೀವೇ ನೋಡಿ," ಎಂದು ಟೀಚರು ಆಕೆಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದಕ್ಕೆ ಎಳೆದರು. "ಏನು ಹೇಳಿ."

ಇನ್ಸ್‌ಪೆಕ್ಟರಮ್ಮ ಟೇಪು ಬಿಡಿಸಿ ತೋರಿಸಿದರು. "ಟೀಚರ್, ತಪಾಸಣೆ ಮಾಡಿದ್ದಕ್ಕೆ ನಾವು ಅರಗು ಹಾಕಲ್ಲ, ಅಚ್ಚು ಒತ್ತುತೀವಿ. ಅರಗು ಹಾಕೋದು ಜಪ್ತಿ ಮಾಡಿದ ಮಾಲಿಗೆ."

"ಅಂದ್ರೆ?"

"ಇದು ಆ ಬಟ್ಟೆ ಅಂಗಡಿ ಟೇಪು. ಇದೇ ಕೇಸಿಗೇ ಸಾಹೇಬರಿಗೆ ಆ ಪ್ರಶಂಸಾಪತ್ರ ಬಂದಿದ್ದು. ಚೀಟಿ ಉದುರಿಹೋಗಿದೆ, ಮುದ್ರೆ ಉಳಿದಿದೆ. ಎಲ್ಲಿ ಕತ್ತರಿಸಿ ಹೊಲಿದಿದ್ರೋ, ಸರಿಯಾಗಿ ಅಲ್ಲೇ ಸಾಹೇಬರು ತಮ್ಮ ಕೈಯಾರೆ ಅರಗು ಹಾಕಿದ್ದು. ಓದಿ ನೋಡಿ."

ಟೀಚರು ಓದಿದರು. ಐದು, ಆರು, ಏಳು, ಮುದ್ರೆ, ಹನ್ನೊಂದು. ಏಳಕ್ಕೂ ಹನ್ನೊಂದಕ್ಕೂ ನಡುವೆ ಇದ್ದದ್ದು ಒಂದೇ ಇಂಚು ಜಾಗ. ಮುದ್ರೆಯ ಕೆಳಗೆ ಎಂಟು, ಒಂಬತ್ತು, ಹತ್ತು ಅಡಗಿವೆ ಎಂದು ಇಷ್ಟು ದಿನ ಎಲ್ಲರೂ ನಂಬಿದ್ದರು. ಅಲ್ಲಿ ಅಡಗಿದ್ದದ್ದು ಹೊಲಿಗೆ. ಕೈಗವಸು, ಮಫ್ಲರಿನ ಅಗಲ ಯಾಕೆ ಸರಿಯಾಗಿದ್ದವು ಎಂದು ಈಗ ತಿಳಿಯಿತು. ಏಳಿಂಚಿನೊಳಗೆ ಟೇಪು ಸತ್ಯವಂತ.

ಇಬ್ಬರು ಹೆಂಗಸರೂ ಒಂದು ಕ್ಷಣ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಇನ್ಸ್‌ಪೆಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಗೆ ತಿರುಗಿದರು. ಟೀಚರು ನಲ್ಲಿ ಜೋರಾಗಿ ಬಿಟ್ಟರು.

"ಹೇಳಿಬಿಡ್ಲಾ ಟೀಚರ್?" ಎಂದರು ಇನ್ಸ್‌ಪೆಕ್ಟರಮ್ಮ ಕಣ್ಣೊರೆಸಿಕೊಂಡು.

ಟೀಚರಿಗೆ ಬಾಗಿಲ ಹಿಂದಿನ ಚೀಲ ನೆನಪಾಯಿತು. ಎಂಟು ಉಂಡೆ. ಗಂಡನನ್ನು ಅವರು ಬಲ್ಲರು. ತಾನೇ ಹಿಡಿದ ಕಳ್ಳ ಟೇಪು ತನಗೇ ಮೋಸ ಮಾಡಿತು ಎಂದು ಗೊತ್ತಾದ ದಿನ ಕಡ್ಡಿ, ಉಲ್ಲನ್ನು, ಪ್ರಶಂಸಾಪತ್ರ ಮೂರೂ ಅಟ್ಟ ಸೇರುತ್ತವೆ. ಆ ಮೇಲೆ ಈ ಮನೆಯಲ್ಲಿ ಯಾರೂ ಯಾರಿಗೂ ಏನೂ ಹೆಣೆಯುವುದಿಲ್ಲ.

"ಬೇಡ ಮೇಡಂ. ನನ್ನ ಸ್ವೆಟರು ಇನ್ನೂ ಶುರುವಾಗಿಲ್ಲ."

"ಅರ್ಥ ಆಯ್ತು ಬಿಡಿ. ನನಗೂ ಮನೇಲಿ ಒಬ್ಬರಿದಾರೆ," ಎಂದರು ಇನ್ಸ್‌ಪೆಕ್ಟರಮ್ಮ. "ಟೇಪು ಮಾತ್ರ ಸರ್ಕಾರದ್ದು. ಯಾವತ್ತಾದರೂ ವಾಪಸ್ಸು ಕೊಡಿ, ಅವಸರ ಇಲ್ಲ. ಕೇಸು ಮುಗಿದು ಎಷ್ಟೋ ವರ್ಷ ಆಯ್ತು."

ಮಾರನೆಯ ದಿನ ಶಿಶುವಿಹಾರಕ್ಕೆ ರಜೆ. ಮಧ್ಯಾಹ್ನ ಗಂಡ ಊಟ ಮಾಡಿ ಒರಗಿದ್ದಾಗ ಟೀಚರು ಅಂಗಡಿಯಿಂದ ತಂದ ಹೊಸ ಹಳದಿ ಟೇಪು ಬಿಡಿಸಿದರು. ಅದನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ, ಹಿಂಡಿ, ವಯಸ್ಸಾಗುವಂತೆ ಮಾಡಿದರು. ಏಳರಿಂದಾಚೆಗೆ ಕೆಂಪು ಅರಗು ಕರಗಿಸಿ ಹಾಕಿ, ಗಂಡನ ಹಳೆಯ ಕೋಟಿನ ಗುಂಡಿಯನ್ನು ಅದರ ಮೇಲೆ ಒತ್ತಿದರು. ಮುದ್ರೆ ಎಂದ ಮೇಲೆ ಯಾರೂ ಒಳಗೆ ಏನು ಬರೆದಿದೆ ಎಂದು ಓದುವುದಿಲ್ಲ. ಮೂವತ್ತೆರಡು ವರ್ಷ ಒತ್ತಿದವರಂತೂ ಓದುವುದೇ ಇಲ್ಲ. ಹಳೆಯ ಟೇಪು ಅವರ ಕೈಚೀಲದ ಒಳಜೇಬಿಗೆ ಹೋಯಿತು.

ಸಂಜೆ ತಮ್ಮನನ್ನೂ ಲೈಬ್ರರಿಯಮ್ಮನನ್ನೂ ಪಾರ್ಕಿನ ಬೆಂಚಿನಲ್ಲಿ ಕೂರಿಸಿ, ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡು, ವಿಷಯ ತಿಳಿಸಿದರು.

ತಮ್ಮ ಬೆಂಚಿನಿಂದ ಎದ್ದು ನಿಂತ. "ಅಕ್ಕಾ, ಹತ್ತೊಂಬತ್ತು ದಿನ ಸೌತೆಕಾಯಿ ತಿಂದಿದೀನಿ. ಇಪ್ಪತ್ತು ಅಂತ ಬೇಕಾದ್ರೂ ಹಾಕ್ಕೋ, ಇವತ್ತು ಬೆಳಿಗ್ಗೇದೂ ಸೇರಿ. ಭಾವನಿಗೆ ಹೇಳದೇ ಹೇಗೆ ಬಿಡಲಿ?"

"ನನಗೋಸ್ಕರ ಬಿಡೋ. ನನ್ನದೊಂದು ಮುಗೀಲಿ."

"ಪಾರ್ಕಿಗೆ ನೂರಾ ನಾಲ್ಕು ಸುತ್ತು ಹಾಕಿದೀನಿ ನಾನು," ಎಂದರು ಲೈಬ್ರರಿಯಮ್ಮ ನಿಟ್ಟುಸಿರುಬಿಟ್ಟು. ಆಮೇಲೆ ಸ್ವಲ್ಪ ಯೋಚಿಸಿ, "ಇರಲಿ ಬಿಡಿ ಟೀಚರ್. ಹೆಣೆಯೋರಿಗೆ ಹೆಣೆಯೋರ ಸಂಕಟ ಗೊತ್ತು. ಮುಗೀಲಿ," ಎಂದರು.

ಬದನೆಕಾಯಿ ಬಣ್ಣದ ಉಂಡೆಗಳು ಕೊನೆಗೂ ಮೊಳೆಯಿಂದ ಇಳಿದವು. ಇನ್ಸ್‌ಪೆಕ್ಟರರು ಈ ಸಲ ಒಂದು ತಿಂಗಳು ತೆಗೆದುಕೊಂಡರು. ಅಂಚಿಗೆ ಎಲೆಯ ಬಳ್ಳಿ ಹಾಕಿದರು. ಒಂದು ಎಲೆ ಸೊಟ್ಟಗಾಯಿತೆಂದು ಎರಡು ದಿನದ ಕೆಲಸ ಬಿಚ್ಚಿದರು. ಟೀಚರು ಶಿಶುವಿಹಾರದಿಂದ ಬಂದರೆ ಕಿಟಕಿಯ ಪಕ್ಕದಲ್ಲಿ ಗಂಡ ತುಟಿ ಅಲ್ಲಾಡಿಸುತ್ತಾ ಕುಣಿಕೆ ಎಣಿಸುತ್ತಿರುತ್ತಿದ್ದರು. ಮಾತಾಡಿಸಿದರೆ ಬೆರಳೆತ್ತಿ ತಡೆಯುತ್ತಿದ್ದರು. ನಡುನಡುವೆ ಟೇಪು ಹಿಡಿದು, ಮುದ್ರೆಯನ್ನು ಹೆಬ್ಬೆರಳಿನಲ್ಲಿ ಸವರಿ, ಸಮಾಧಾನದಿಂದ ತಲೆಯಾಡಿಸುತ್ತಿದ್ದರು.

"ಅಳತೆ ಸರಿಯಾಗಿದೆಯಾ ರೀ?" ಎಂದು ಟೀಚರು ಒಂದು ದಿನ ಕೇಳಿದರು. ಅವರ ಮನಸ್ಸು ನಿರಾಳವಾಗಿತ್ತು. ಇನ್ನೇನು, ಟೇಪು ಸರಿಯಿದೆ, ಟೈಲರನ ಪುಸ್ತಕ ಸರಿಯಿದೆ.

"ನೀನೇನೂ ಹೇಳಬೇಕಾಗಿಲ್ಲ. ಎಲ್ಲಾ ಲೆಕ್ಕ ಹಾಕಿದ್ದೀನಿ," ಎಂದರು ಇನ್ಸ್‌ಪೆಕ್ಟರರು ಗೋಡೆಯ ಪಟ್ಟಿಯತ್ತ ಒಮ್ಮೆ ನೋಡಿ. ಆ ನೋಟವನ್ನು ಟೀಚರು ಗಮನಿಸಬೇಕಾಗಿತ್ತು. ಗಮನಿಸಲಿಲ್ಲ.

ಭಾನುವಾರ ಸ್ವೆಟರು ಮುಗಿಯಿತು. ತಮ್ಮ, ಲೈಬ್ರರಿಯಮ್ಮ ಇಬ್ಬರೂ ಬಂದು ಕೂತಿದ್ದರು. ಮೇಜಿನ ಮೇಲೆ ಮಡಿಸಿಟ್ಟಿದ್ದ ಸ್ವೆಟರನ್ನು ಲೈಬ್ರರಿಯಮ್ಮ ಮುಟ್ಟಿ, ತಿರುಗಿಸಿ ಒಳಭಾಗ ನೋಡಿ, "ಸಾರ್, ಇದರಲ್ಲಿ ತಪ್ಪು ಹುಡುಕೋಕೆ ನನ್ನ ಕೈಲಾಗಲ್ಲ," ಎಂದರು. ಟೀಚರು ಒಳಗೆ ಹೋಗಿ ಹಾಕಿಕೊಂಡು ಬಂದರು.

ಬಂದರು ಎನ್ನುವುದಕ್ಕಿಂತ ಸ್ವೆಟರು ಬಂತು, ಅದರ ಮೇಲ್ಗಡೆ ಟೀಚರ ಮುಖ ಇತ್ತು. ತೋಳುಗಳು ಬೆರಳು ದಾಟಿ ಇಳಿಬಿದ್ದಿದ್ದವು. ಭುಜ ಮೊಣಕೈ ಹತ್ತಿರಕ್ಕೆ ಬಂದಿತ್ತು. ಎಲೆಯ ಬಳ್ಳಿ ತೊಡೆಯ ಸುತ್ತ ಆರಾಮಾಗಿ ತೂಗುತ್ತಿತ್ತು.

ಟೀಚರಿಗೆ ಕನ್ನಡಿಯ ಮುಂದೆ ನಿಂತಾಗಲೇ ಎಲ್ಲ ತಿಳಿದುಹೋಗಿತ್ತು. ಊರೆಲ್ಲ ಮೂರಿಂಚು ಬೆಳೆದಿರುವಾಗ ಹೆಂಡತಿಯೂ ಬೆಳೆದಿರಲೇಬೇಕೆಂದು ಈ ಮನುಷ್ಯ, ಅಳೆದಲ್ಲೆಲ್ಲ ಮೂರು ಎಂಬ ಲೆಕ್ಕದಲ್ಲಿ, ಮುಂದೆ ಮೂರು, ಹಿಂದೆ ಮೂರು, ತೋಳಿಗೆ ಮೂರು, ಉದ್ದಕ್ಕೆ ಮೂರು ಸೇರಿಸಿ ಹೆಣೆದಿದ್ದರು. ಹಳೆಯ ಟೇಪಿನಲ್ಲೇ ಹೆಣೆದಿದ್ದರೆ ಕದ್ದ ಮೂರು, ಕೊಟ್ಟ ಮೂರು ಒಂದಕ್ಕೊಂದು ವಜಾ ಆಗಿ, ಸ್ವೆಟರು ಮೈಗೆ ಅಂಟಿದ ಹಾಗೆ ಕೂತಿರುತ್ತಿತ್ತು. ತಾವೇ ಕೈಯಾರೆ, ಅರಗು ಕರಗಿಸಿ, ಗುಂಡಿ ಒತ್ತಿ, ಕೆಡಿಸಿಕೊಂಡಿದ್ದರು.

ತಮ್ಮ ಕೆಮ್ಮಿದ. ಲೈಬ್ರರಿಯಮ್ಮ ಕಿಟಕಿಯಾಚೆ ಏನನ್ನೋ ನೋಡತೊಡಗಿದರು.

ಇನ್ಸ್‌ಪೆಕ್ಟರರು ಎದ್ದು ನಿಂತರು.  ಟೇಪು ತೆಗೆದುಕೊಂಡು ಬಂದು, ಸ್ವೆಟರಿನ ಒಳಗಿನ ಹೆಂಡತಿಯನ್ನು ಹುಡುಕಿ, ಎದೆಗೆ ಸುತ್ತಿ ಓದಿದರು. ಮತ್ತೊಮ್ಮೆ ಓದಿದರು.

"ಮೂವತ್ತಾರು."

"ಸರಿಯಾಗೇ ಇದೆಯಲ್ಲ ರೀ," ಎಂದರು ಟೀಚರು. "ಟೈಲರ್ ಪುಸ್ತಕದಲ್ಲೂ ಅಷ್ಟೇ ಇರೋದು."

"ಅದೇ ಕಣೇ ನಾನು ಹೇಳ್ತಿರೋದು! ಸಿಲಿಂಡರ್ ತರೋನು ಸಮೇತ ಎಲ್ಲರೂ ಮೂರಿಂಚು ಬೆಳೆದಿದ್ದಾರೆ. ನೀನೊಬ್ಬಳು ಇದ್ದಲ್ಲೇ ಇದ್ದೀಯ." ಅವರ ದನಿ ಒಂದು ಕಡೆ ಒಡೆಯಿತು. "ನನ್ನ ಮನೇಲಿ ಇದ್ದುಕೊಂಡು! ಊರವರ ಅಳತೆಯೆಲ್ಲ ನೋಡಿದೆ ನಾನು, ನಿನ್ನದು ಮಾತ್ರ ನೋಡಲಿಲ್ಲ. ಒಂದು ಇಂಚು ಬೆಳೆಯೋಕೆ ಬಿಡಲಿ‌ಲ್ಲವಲ್ಲೇ ನಿನ್ನ."

ಟೀಚರ ಬಾಯಿಗೆ ಬಂದಿದ್ದ ನಗು ಅಲ್ಲೇ ನಿಂತಿತು. ಒಂದು ಮಾತು ಹೇಳಿದರೆ ಎಲ್ಲ ಸರಿಹೋಗುತ್ತಿತ್ತು. ಆ ಮಾತು ನಾಲಗೆಯ ತುದಿಯಲ್ಲೇ ಇತ್ತು. ಹೇಳು ಹೇಳು ಎಂದು ತಮ್ಮ ಕಣ್ಸನ್ನೆ ಮಾಡುತ್ತಿದ್ದ.

"ನೀನು ಕೂತ್ಕೋ ಮೊದಲು," ಎಂದರು ಇನ್ಸ್‌ಪೆಕ್ಟರರು. "ನಿಂತ್ಕೋಬೇಡ. ನಾನು ಕಾಫಿ ಮಾಡ್ತೀನಿ."

ಮೂವತ್ತು ವರ್ಷದಲ್ಲಿ ಆ ವಾಕ್ಯ ಆ ಮನೆಯಲ್ಲಿ ಕೇಳಿರಲಿಲ್ಲ. ಲೈಬ್ರರಿಯಮ್ಮನೂ ಕಿಟಕಿಯಿಂದ ಇತ್ತ ತಿರುಗಿದರು. ಟೀಚರು ಕೂತರು. ಸ್ವೆಟರಿನೊಳಕ್ಕೆ ಎರಡೂ ಮೊಣಕಾಲು ಎಳೆದುಕೊಂಡರು. ಅಷ್ಟೂ ಒಳಗೆ ಹಿಡಿಸಿತು, ಬೆಚ್ಚಗಿತ್ತು. ಅಡುಗೆಮನೆಯಿಂದ ತಕ್ಕಡಿಯ ಬಟ್ಟು ಕುಟ್ಟುವ ಸದ್ದು ಬಂತು, ಕಾಫಿಪುಡಿ ತೂಗುತ್ತಿದ್ದರು.

"ಅಕ್ಕಾ, ಹೇಳ್ತೀಯೋ ಇಲ್ವೋ?" ಎಂದು ಪಿಸುಗುಟ್ಟಿದ ತಮ್ಮ.

"ಹೇಳೋಣ ಕಣೋ. ಎರಡು ದಿನ ಹೋಗಲಿ."

ಆ ಎರಡು ದಿನ ಇನ್ನೂ ಮುಗಿದಿಲ್ಲ. ಬೆಳಗಿನ ಕಾಫಿ, ಸಂಜೆಯ ಅಡುಗೆ ಈಗ ಇನ್ಸ್‌ಪೆಕ್ಟರರದು. ಒಂದು ಚಿಟಿಕೆ ಉಪ್ಪೂ ತೂಗದೆ ಬೀಳುವುದಿಲ್ಲ. ಕೈ ಪಳಗುತ್ತಿದೆ. ಟೀಚರು ಶಿಶುವಿಹಾರದಿಂದ ಬಂದರೆ ತಟ್ಟೆ ಮುಂದಿಟ್ಟು, ಎದುರಿಗೆ ಕೂತು, ಅವತ್ತು ಮಕ್ಕಳು ಏನೇನು ಮಾಡಿದರು ಎಂದು ಕೇಳುತ್ತಾರೆ; ಊಟ ಮಾಡುವಾಗ ಮಾತಾಡಿಸಿದರೆ ಎರಡು ತುತ್ತು ಹೆಚ್ಚು ಸೇರುತ್ತದೆ ಎಂದು ಡಾಕ್ಟರರು ಹೇಳಿದ್ದಾರಂತೆ. ತಮ್ಮ ಬಂದಾಗಲೆಲ್ಲ, "ಅಕ್ಕಾ, ಕಾಯಿಲೆ ಹೇಗಿದೆ?" ಎಂದು ಕೇಳಿ, ಎರಡು ಸಲ ಬಡಿಸಿಕೊಂಡು ಹೋಗುತ್ತಾನೆ.

ಪ್ರತಿ ಭಾನುವಾರ ಬೆಳಿಗ್ಗೆ ಇನ್ಸ್‌ಪೆಕ್ಟರರು ಮುದ್ರೆಯ ಟೇಪು ಹಿಡಿದು ಬರುತ್ತಾರೆ. ಟೀಚರು ಕೈ ಎತ್ತಿ ನಿಲ್ಲುತ್ತಾರೆ. ಮೂವತ್ತಾರು. ಇನ್ಸ್‌ಪೆಕ್ಟರರು ಪಟ್ಟಿಯಲ್ಲಿ ಬರೆದು, ತಲೆ ಅಲ್ಲಾಡಿಸಿ, ಚಿಂತೆಯಿಂದ ಅಡುಗೆಮನೆಗೆ ಹೋಗುತ್ತಾರೆ. ಟೀಚರ ಕೈಚೀಲದ ಒಳಜೇಬಿನಲ್ಲಿ ಇನ್ನೊಂದು ಟೇಪು ಸುರುಳಿ ಸುತ್ತಿಕೊಂಡು ಮಲಗಿದೆ. ಅದನ್ನು ಸುತ್ತಿದರೆ ಮೂವತ್ತೊಂಬತ್ತು ಬರುತ್ತದೆ. ಗುಣವಾಗಬೇಕು ಎಂದು ಅನ್ನಿಸಿದ ದಿನ ಹೊರಗೆ ತೆಗೆದರಾಯಿತು.

ಸದ್ಯಕ್ಕೆ ಹಾಗೇನೂ ಅನ್ನಿಸಿಲ್ಲ.